ಎದ್ದಾಗ ಬರುವ ಜೋಲಿ

೧೨ ಡಿಸೆಂಬರ್ ೧೯೬೧, ಮಂಗಳವಾರ. ಜೋರಾಪುರ ಪೇಟೆ.

ಇವತ್ತೂ ಇವರು ಉಂಡು ಮಣೆಯಿಂದ ಎದ್ದವರೇ ಜೋಲಿ ಹೊಡೆದು ಕಂಬ ಹಿಡಿದರು. ಮುಖ ಕೆಂಪು, ಮೂಗು ಕಟ್ಟಿದ ದನಿ. ಅತ್ತೆ ನನ್ನ ಕಿವಿಯಲ್ಲಿ, "ನನ ಮಗಾ ಕುಡ್ಯಾಕ ಹತ್ಯಾನೇನ?" ಎಂದರು. ಎಂಟು ದಿನದಿಂದ ನನ್ನೊಳಗೆ ಕೊರೆಯುತ್ತಿದ್ದ ಮಾತೂ ಅದೇ. ದಾರೂಬಂದಿ ಇರುವ ಊರಲ್ಲಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು!

ಇವರ ಕಾಲ್ಬೆರಳು ನೀಲಿಗಟ್ಟಿ ನೋಯುತ್ತವೆಂದು ಡಾಕ್ಟರರು ಕೊಟ್ಟ ಹೊಸ ಗುಳಿಗೆಯ ಮೇಲೂ ಅನುಮಾನ ಬಂತು. ಮಧ್ಯಾಹ್ನ ಗಾಂಧಿ ಚೌಕದ ಆ ಡಾಕ್ಟರರ ಬಳಿ ಒಬ್ಬಳೇ ಹೋದೆ.

"ಕುಡದಿಲ್ರೀ ಅವರು," ಎಂದು ಡಾಕ್ಟರರು ನಕ್ಕರು. "ಬಿಗಿಯಾಗು ಅಂತ ರಕ್ತನಾಳಕ್ಕ ಮೈಯಾಗಿಂದ ಹುಕುಂ ಬರತೈತಿ. ಈ ಗುಳಿಗಿ ಆ ಹುಕುಂ ತಡೀತೈತಿ. ನಾಳ ಸಡ್ಲಾಗಿ ಬೆರಳಿಗೆ ರಕ್ತ ಇಳೀತೈತಿ, ಮುಖ ಕೆಂಪಾಗತೈತಿ, ಮೂಗು ಕಟ್ಟತೈತಿ. ಆದ್ರ ಧಡಕ್ಕನ ಎದ್ರ ತಲಿಗೆ ರಕ್ತ ಕಡಿಮಿ ಆಗಿ ಜೋಲಿ ಬರತೈತಿ. ಸಾವಕಾಶ ಏಳಾಕ ಹೇಳ್ರಿ. ಬೀಡಿ ಬಿಟ್ಟಾರಲ್ಲ?"

"ದಸರಾದಾಗನ ಲಿಂಗ ಮುಟ್ಟಿ ಆಣಿ ಮಾಡ್ಯಾರ್ರಿ."

"ಹಂಗಾದ್ರ ಛಲೋ. ಬೀಡಿ ಸೇದಿದ್ರ ನಾಳ ಮತ್ತ ಮುಚ್ಚತಾವ. ಯಾವ ಗುಳಿಗೀನೂ ಬೆರಳು ಉಳಸೂದಿಲ್ಲ."

ನಾಚಿಕೆಯಾಯಿತು. ಮನೆ ಮುಟ್ಟುವ ತನಕ ಮನಸ್ಸಿನಲ್ಲೇ ಇವರ ಕ್ಷಮೆ ಕೇಳಿದೆ. ರಾತ್ರಿ ಗುಳಿಗೆ ನಾನೇ ಕೈಗಿಟ್ಟೆ. ಹಾಸಿಗೆಯ ಅಂಚಿನಲ್ಲಿ ತುಸು ಕೂತು ಆಮೇಲೆ ಏಳಿರಿ ಎಂದೆ. ಮಗುವಿನಂತೆ ತಲೆಯಾಡಿಸಿದರು.

ಈಗ ಒಗೆಯಲೆಂದು ಅವರ ಅಂಗಿ ತೆಗೆದರೆ, ತೋಳಿನಲ್ಲಿ ಸಾಸಿವೆ ಕಾಳಿನಷ್ಟು ತೂತು, ಅಂಚು ಸುಟ್ಟು ಕಪ್ಪಾಗಿದೆ. ಹಳೆಯದಿರಬೇಕು, ಬೀಡಿ ಬಿಡುವ ಮೊದಲಿನದು ಎಂದುಕೊಂಡು ದೀಪಕ್ಕೆ ಹಿಡಿದೆ.

ಈ ಅಂಗಿ ಹೊಲಿಸಿದ್ದು ಮೊನ್ನೆಯ ದೀಪಾವಳಿಗೆ.