ದಿನಾ ಬೆಳಿಗ್ಗೆ ಬರೆದ ಒಂದು ಸಾಲು

॥ ಶ್ರೀ ॥
ವಾಡಿ,
ಗುರುವಾರ, 11 ಮಾರ್ಚ್ 2004

ಚಿ. ಪ್ರಮಿತಾಳಿಗೆ ಅನೇಕ ಆಶೀರ್ವಾದಗಳು.

ನಾನು ಲಕ್ಷ್ಮೀಬಾಯಿ. ಚಿತ್ತಾಪುರದ ಹೈಸ್ಕೂಲಿನಲ್ಲಿ ಮೆಟ್ರಿಕ್ ಪಾಸಾದವಳು, ವಾಡಿ-ಶಹಾಬಾದ ರಸ್ತೆಯ ಧರ್ಮಕಾಟಾದ ಒಡತಿ. ಇಪ್ಪತ್ತು ವರ್ಷದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿಗಳು ನನ್ನ ಬಾಗಿಲ ಮುಂದಿನ ಕಬ್ಬಿಣದ ಹಾಸಿನ ಮೇಲೆ ನಿಂತು ತೂಗಿಸಿಕೊಂಡು ಹೋಗುತ್ತವೆ. ಈ ರಸ್ತೆಯಲ್ಲಿ ನನ್ನ ತೂಕಕ್ಕೂ ನನ್ನ ಮಾತಿಗೂ ಯಾರೂ ಎದುರು ಹೇಳಿದ್ದಿಲ್ಲ. ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದವಳಿಗೇ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಓದುವಾಗ ಇದನ್ನು ಬರೆದವಳು ನಿನ್ನ ಅತ್ತೆಯೇ ಹೌದೋ ಅಲ್ಲವೋ ಎಂದು ನಿನಗೆ ಸಂಶಯ ಬರಬಾರದು.

ನಿನ್ನ ಆರೋಗ್ಯ ಹೇಗಿದೆ? ಆ ಜ್ವರ ಮತ್ತೆ ಮರುಕಳಿಸಲಿಲ್ಲವಷ್ಟೆ? ಕುಂಚಾವರಂ ಕಡೆ ಕಾಡಿನ ನೀರು, ಕುದಿಸದೆ ಕುಡಿಯಬೇಡ. ನಿನ್ನ ತಂದೆಯವರ ಮಂಡಿನೋವು ಹೇಗಿದೆ, ಶಾಲೆಗೆ ಇನ್ನೂ ನಡೆದೇ ಹೋಗುತ್ತಾರೋ? ನನ್ನ ಎಡಗಣ್ಣಿನ ಪೊರೆ ತೆಗೆಸಿದೆ. ಗುಲ್ಬರ್ಗಕ್ಕೆ ಜೈತುನ್‌ಬೀ ಜೊತೆಗೆ ಬಂದಿದ್ದಳು. ಆಸ್ಪತ್ರೆಯ ನರ್ಸು ಅವಳನ್ನು ನನ್ನ ತಂಗಿಯೋ ಎಂದು ಕೇಳಿದಾಗ ಅವಳು, "ತಂಗಿ ಅಲ್ಲವ್ವಾ, ನಾ ಬಾಯೀ ಕಾಟಾದ ಮುಂದ ಚಾ ಮಾರಾಕಿ. ಆದ್ರ ಆಕಿ ನನ್ನ ಕೈಯಾನ ಚಾ ಒಂದಿನಾನೂ ಕುಡುದಿಲ್ಲ" ಎಂದಳು. ಬರುವಾಗ ಬಸ್ಸಿನಲ್ಲಿ ನಾನು ಅವಳೊಂದಿಗೆ ಮಾತಾಡಲಿಲ್ಲ. ಕಣ್ಣಿಗೆ ಪಟ್ಟಿ ಇದ್ದದ್ದರಿಂದ ಕೈ ಮಾತ್ರ ಹಿಡಿದುಕೊಂಡಿದ್ದೆ.

ಚಿ. ಎಂಬುದರ ಮುಂದೆ ಮೊದಲೆಲ್ಲ ಸೌ. ಎಂದು ಬರೆಯುತ್ತಿದ್ದೆ. ಮಗ ಸುಮಧ್ವ ಹೋದ ಮೇಲೆ ಆ ಅಕ್ಷರ ನಿನಗೂ ಇಲ್ಲ, ನನಗಂತೂ ಎಂದೋ ಹೋಗಿತ್ತು. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಮೂರು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಬೆಳಗಿನ ಪೂಜೆ, ಅಡಿಗೆ ನನ್ನದು. ಕಾಟಾದ ಕೋಣೆ, ಕಂಪ್ಯೂಟರು ನಿನ್ನದು. ಹೊರಗೆ ಲಾರಿ ನಿಂತ ಕೂಡಲೇ ಕೆಂಪು ಅಂಕಿಯ ತೂಕದ ಡಬ್ಬಿಯಿಂದ ತಂತಿಯಲ್ಲಿ ಅಂಕಿ ಕಂಪ್ಯೂಟರಿಗೆ ಬರುವುದು, ಅಲ್ಲಿಂದ ಚೀಟಿ ಅಚ್ಚಾಗುವುದು. ನಾನು ಎಂಟು ಗಂಟೆಗೆ ಮಡಿ ಬಿಚ್ಚಿ ಬರುವಷ್ಟರಲ್ಲಿ ಎಲ್ಲವೂ ಸುರಳೀತ ನಡೆದಿರುತ್ತಿತ್ತು. ನೀನು ಸುಮ್ಮನೆ ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ. ಇದೊಂದು ಕೂಡ್ರುವ ಕೆಲಸ, ಯಂತ್ರ ಮಾಡುತ್ತದೆ, ಇವಳು ನೋಡುತ್ತಾಳೆ ಎಂದುಕೊಂಡಿದ್ದೆ. ಒಂದೆರಡು ಸಲ ಹಾಗೆ ಅಂದೂ ಇದ್ದೆ.

ಸಂಜೆಯ ಪದ್ಧತಿ ನಿನಗೆ ನೆನಪಿರಬೇಕು. ದೀಪ ಹಚ್ಚುವ ಹೊತ್ತಿಗೆ ತಕ್ಕಡಿ ತೂಗಬಾರದೆಂದು ನನ್ನ ಅತ್ತೆ ಹೇಳುತ್ತಿದ್ದರು. ತಕ್ಕಡಿ ಹೋಗಿ ಕಾಟಾ ಬಂದರೂ ನಾನು ಅದನ್ನು ಬಿಟ್ಟಿರಲಿಲ್ಲ. ಆ ಹೊತ್ತಿಗೆ ಬಂದು ದೊಡ್ಡ ಸ್ವಿಚ್ಚನ್ನು ನನ್ನ ಕೈಯಿಂದಲೇ ಕೆಳಗೆಳೆಯುತ್ತಿದ್ದೆ. "ಅತ್ತೀ, ಹಂಗ ಒಮ್ಮೆಲೆ ಎಳೀಬ್ಯಾಡ್ರಿ, ಕಂಪ್ಯೂಟರ್ ನಾ ಮೊದ್ಲ ಮಲಗಸ್ತೀನಿ" ಎಂದು ನೀನು ಓಡಿ ಬರುತ್ತಿದ್ದೆ. ಯಂತ್ರಕ್ಕೇನು ಮಲಗಿಸುವುದು ಎಂದು ನನಗೆ ನಗು ಬರುತ್ತಿತ್ತು.

ಇನ್ನು ಆ ಆಶ್ವೀಜದ ದಿನ. ಇಬ್ಬರಿಗೂ ನೆನಪಿದೆ. ಆದರೂ ನಾನು ಕಂಡ ಹಾಗೆ ಒಮ್ಮೆ ಬರೆಯಬೇಕು, ನಾನು ಕಂಡದ್ದು ತಪ್ಪಾಗಿತ್ತು. ನೀನು ಜ್ವರದಲ್ಲಿ ಮಲಗಿದ್ದೆ. ಸ್ವಿಚ್ಚು ಹಾಕಿ ನಾನೇ ಕುರ್ಚಿಯಲ್ಲಿ ಕುಳಿತೆ. ಪರದೆಯ ಮೇಲೆ ಅಂಕಿ ಬರಲಿಲ್ಲ. ಚುಕ್ಕೆ, ಕೊಕ್ಕೆ, ತಲೆಕೆಳಗಾದ ಪ್ರಶ್ನೆ ಗುರುತು, ಯಾವ ಭಾಷೆಯದೂ ಅಲ್ಲದ ಅಕ್ಷರ ಸಾಲುಸಾಲಾಗಿ ಸುರಿದವು. ಹೊರಗೆ ಏಳೆಂಟು ಲಾರಿ ನಿಂತಿದ್ದವು, ಡ್ರೈವರುಗಳು ಕಿಟಕಿಗೆ ಮುಖ ಹಚ್ಚಿದ್ದರು. ನನಗೆ ಅವಮಾನವಾಯಿತು. "ತಾನಿಲ್ದ ಈ ಕಾಟಾ ನಡೀಬಾರ್ದಂತ ನಮ್ಮ ಸೊಸಿ ಒಳಗ ಏನೋ ಕೀಲಿ ಹಾಕಿ ಇಟ್ಟಾಳ" ಎಂದು ಎಲ್ಲರೆದುರು ಕೂಗಿ ಹೇಳಿದೆ. ನೀನು ಕಂಬಳಿ ಹೊದ್ದುಕೊಂಡೇ ಎದ್ದು ಬಂದೆ. ಏನೋ ಒಂದು ಸಾಲು ಒತ್ತಿದೆ. ಅಂಕಿ ಬಂತು. ನಿನ್ನ ಮೈ ಸುಡುತ್ತಿದ್ದದ್ದು ನನಗೆ ಕಾಣಲಿಲ್ಲ, ಅಂಕಿ ಬಂದದ್ದು ಮಾತ್ರ ಕಂಡಿತು. "ನೋಡ್ರಿ, ಕೀಲಿ ಯಾರ ಕೈಯಾಗಿತ್ತು ನೋಡ್ರಿ!" ಎಂದೆ. ನೀನು ಕಂಬಳಿ ಎಳೆದುಕೊಂಡು ಒಳಗೆ ಹೋದೆ. ಜ್ವರ ಬಿಟ್ಟ ಮರುದಿನ ಒಂದು ಕಾಗದ ಕಂಪ್ಯೂಟರಿನ ಮೇಲಿಟ್ಟು, ನನಗೆ ನಮಸ್ಕಾರ ಮಾಡಿ, ಸೇಡಂ ಬಸ್ಸು ಹತ್ತಿ ತವರಿಗೆ ಹೋದೆ.

ಆ ಕಾಗದ ಓದದೆ ಮಡಚಿ ಹಳೆಯ ಪಂಚಾಂಗದಲ್ಲಿ ಇಟ್ಟೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ. ಡಬ್ಬಿಯ ಕೆಂಪು ಅಂಕಿ ನೋಡಿ ಕೈಯಿಂದಲೇ ಚೀಟಿ ಬರೆದೆ. ಒಂದು ವರ್ಷ ಹೀಗೇ ನಡೆಯಿತು, ನಡೆಸಿದೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಕಳೆದ ಕಾರ್ತೀಕದಲ್ಲಿ ಮಡಿವಾಳಯ್ಯ, ಅದೇ ನೀಲಿ ಲಾರಿಯ ಡ್ರೈವರ್, ಚೀಟಿ ಹಿಡಿದು ತಿರುಗಿ ಬಂದ. ಹದಿಮೂರು ಸಾವಿರದ ನಾನೂರು ಕಿಲೋ ಇದ್ದದ್ದನ್ನು ನಾನು ಹದಿನೆಂಟು ಸಾವಿರದ ನಾನೂರು ಎಂದು ಬರೆದಿದ್ದೆ. ಪೊರೆಗಣ್ಣಿಗೆ ಮೂರು ಎಂಟಾಗಿ ಕಂಡಿತ್ತು. "ಅಮ್ಮಾರ, ಇಲ್ಲಿ ನಿಂತಾಗ ನನ್ನ ಗಾಡಿ ಐದು ಟನ್ ಉಂಡದೇನ್ರಿ?" ಎಂದು ನಕ್ಕ. ಅವನು ನಕ್ಕದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಧರ್ಮಕಾಟಾದಲ್ಲಿ ಸುಳ್ಳು ತೂಕ ಬರೆದವಳು ನಾನು. ಅವತ್ತು ಊಟ ಮಾಡಲಿಲ್ಲ. ಮರುದಿನ ಪಂಚಾಂಗ ಬಿಚ್ಚಿ ನಿನ್ನ ಕಾಗದ ತೆಗೆದೆ.

ನೀನು ಅಚ್ಚುಕಟ್ಟಾಗಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೆ, ನನ್ನ ಕಣ್ಣಿನ ವಿಷಯ ನನಗಿಂತ ಮೊದಲು ನಿನಗೆ ಗೊತ್ತಿದ್ದ ಹಾಗೆ:

stty -F /dev/ttyS0 2400 cs7 parenb -parodd

ಕಂಪ್ಯೂಟರಿನ ಬಟ್ಟೆ ತೆಗೆದು ಅದನ್ನೇ ಒತ್ತಿದೆ. ಎಲ್ಲಿ ಜಾಗ ಬಿಡಬೇಕೋ ಅಲ್ಲಿ ಬಿಡಲಿಲ್ಲ, ಯಂತ್ರ ಒಪ್ಪಲಿಲ್ಲ. ಕೊನೆಗೆ ಶಹಾಬಾದಿನ ಜಹಾಂಗೀರನನ್ನು ಕರೆಸಿದೆ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ಕಂಪ್ಯೂಟರ್ ಬಿಚ್ಚುತ್ತಾನೆ, ನಿನ್ನ ಮದುವೆಯಲ್ಲಿ ಮೈಕು ಹಾಕಿದ್ದವನು. ಅವನು ಕಾಗದ ನೋಡಿ, "ಬರೋಬ್ಬರ್ ಅದ ಅಮ್ಮಾರ. ಈ ಡಬ್ಬಿ ನಿಧಾನ ಮಾತಾಡತದ, ಕಂಪ್ಯೂಟರ್ ಜಲ್ದಿ ಜಲ್ದಿ ಕೇಳತದ. ಅದು ಒಂದು ಹೇಳೋದ್ರಾಗ ಇದು ನಾಕು ಕೇಳಿಸ್ಕೊಂಡು ತನ್ನ ಮನಸಿಗಿ ಬಂದಂಗ ಬರಕೋತದ. ಇಬ್ಬರದೂ ಚಾಲ್ ಒಂದೇ ಮಾಡಲಿಕ್ಕಿ ಈ ಎರಡು ಸಾವಿರದ ನಾಕನೂರು. ಈ ಏಳು ಅಂದ್ರ ಒಂದೊಂದು ಅಕ್ಷರಕ್ಕ ಏಳು ತುಣುಕು, ಅದರ ಹಿಂದ ಒಂದು ಸಾಕ್ಷಿ" ಎಂದು ವಿವರಿಸಿದ. ಸಾಕ್ಷಿ ಎಂಬ ಮಾತು ನನಗೆ ಹಿಡಿಸಿತು. ಆಮೇಲೆ ಕೇಳಿದ: "ಆದ್ರ ಸ್ವಿಚ್ ತೆಗೆದ ಕೂಡ್ಲೆ ಇದು ಎಲ್ಲಾ ಮರೀತದ್ರಿ. ದಿನಾ ಮುಂಜಾನಿ ಮತ್ತ ಹೇಳಬೇಕು. ಇಷ್ಟು ವರ್ಷ ಯಾರು ಹೇಳ್ತಿದ್ರು?"

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಜೈತುನ್‌ಬೀ, "ಯಾರಂತ ಕೇಳ್ತಾನ ನೋಡು! ಬಾಯೀ ದೇವ್ರ ಮುಂದ ಕುಂತಾಗ ಆ ಪೋರಿ ಇಲ್ಲಿ ಕರಿ ಪರದೆ ಮುಂದ ಕುಂದರ್ತಿತ್ತು. ಕರೆಂಟ್ ಹೋಗಿ ಬಂದ್ರ ಮತ್ತ ಅದೇ ಸಾಲು. ಇವರ ಮನ್ಯಾಗ ಇದೂ ಒಂದು ಮಂತ್ರ ಇರಬೇಕಂತ ನಾ ಅನ್ಕೊಂಡಿದ್ದೆ" ಎಂದಳು. ಜಹಾಂಗೀರ ನಕ್ಕ. ನಾನು ಒಳಗೆ ಹೋಗಿ ದೇವರ ಮುಂದೆ ಕುಳಿತೆ, ಆದರೆ ಕಣ್ಣು ಮುಚ್ಚಲಾಗಲಿಲ್ಲ. ಸಂಜೆ ಸಂಜೆ ನಾನು ಎಳೆದು ಮರೆಸಿದ್ದನ್ನು ಮೂರು ವರ್ಷ ಬೆಳಿಗ್ಗೆ ಬೆಳಿಗ್ಗೆ ನೀನು ಮತ್ತೆ ಕಲಿಸಿದ್ದೀ. ಹೇಳಲಿಲ್ಲ ಏಕೆ ಎಂದು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ನೀನು ಹೇಳಿದ್ದೆ. ಸುಮಧ್ವ ಹೋದ ಕೆಲವೇ ದಿನಕ್ಕೆ ಸಿಡಿಲು ಬಡಿದು ಅವನ ಕಾಲದ ಡಬ್ಬಿ ಸುಟ್ಟು ಈ ಹೊಸ ಡಬ್ಬಿ ಬಂದಾಗ ಎರಡು ದಿನ ಅದರ ಮುಂದೆ ಕುಳಿತು ಸರಿಮಾಡಿ, "ಅತ್ತೀ, ಒಂದು ಸಾಲು ಒಳಗ ಹಾಕಿಟ್ರ ದಿನಾ ಬರಿಯೋದು ತಪ್ಪತದ. ಹಾಕ್ಲೇನ್ರಿ?" ಎಂದು ಕೇಳಿದ್ದೆ. ನಾನು ಅಕ್ಕಿ ಆರಿಸುತ್ತಿದ್ದೆ, ತಲೆಯೆತ್ತದೆ, "ಒಳಗಿಂದು ನನ್ನ ಮಗ ಮಾಡಿಟ್ಟಿದ್ದು. ಅದಕ್ಕ ಕೈ ಹಚ್ಚಬ್ಯಾಡ" ಎಂದಿದ್ದೆ. ನೀನು ಕೈ ಹಚ್ಚಲಿಲ್ಲ.

ಅವತ್ತು ಜಹಾಂಗೀರನೂ ಅದನ್ನೇ ಕೇಳಿದ, ಒಳಗೆ ಹಾಕಿಬಿಡಲೇ ಎಂದು. ಬೇಡ, ನಾನೇ ದಿನಾ ಬರೆಯುತ್ತೇನೆ ಎಂದೆ. ಈ ಮುದುಕಿಗೆ ಹಟ ಎಂದುಕೊಂಡಿರಬೇಕು. ಮೊದಲು ಅದು ಪ್ರಾಯಶ್ಚಿತ್ತದ ಹಾಗೆ ಇತ್ತು. ಬರುಬರುತ್ತ ಆ ಹೊತ್ತಿಗಾಗಿ ಕಾಯತೊಡಗಿದೆ. ಪೂಜೆ ಬೇಗ ಮುಗಿಸಿ ಬರುತ್ತೇನೆ. ಮನೆಯಲ್ಲಿ ಯಾರೂ ಇಲ್ಲ, ಅಡಿಗೆ ಒಬ್ಬಳಿಗೆ. ಸಾರಿಗೆ ಒಗ್ಗರಣೆ ಹಾಕಿದರೆ ಆ ಸಪ್ಪಳವೇ ದೊಡ್ಡದು. ಈ ಕೋಣೆಯಲ್ಲಿ ನಿನ್ನ ಕೈಬರಹ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ಕೊನೆಗೆ ಅಂಕಿ ಸರಿಯಾಗಿ ಬಂದಾಗ ಯಾರೋ ಹ್ಞೂಂ ಎಂದ ಹಾಗಾಗುತ್ತದೆ. ಕಾಗದ ಈಗ ಬಾಯಿಪಾಠವಾಗಿದೆ, ಆದರೂ ಎದುರಿಗೆ ಇಟ್ಟುಕೊಳ್ಳುತ್ತೇನೆ.

ಪುಷ್ಯದಲ್ಲೊಮ್ಮೆ ಅಧಿಕಪ್ರಸಂಗ ಮಾಡಿದೆ. ಜಹಾಂಗೀರ ತೋರಿಸಿಕೊಟ್ಟಿದ್ದ, ಯಂತ್ರದ ಎಲ್ಲ ವ್ಯವಸ್ಥೆಯೂ ಪಟ್ಟಿಯಾಗಿ ಪರದೆಗೆ ಬರುತ್ತದೆ. ಹೆಸರಿನ ಮೊದಲಿಗೆ ಅಡ್ಡಗೆರೆ ಇದ್ದರೆ ಅದು ಬಂದ್, ಇಲ್ಲದಿದ್ದರೆ ಚಾಲೂ. ಅದರಲ್ಲಿ echo ಎಂದು ಇತ್ತು. ಏನದು ನೋಡೋಣವೆಂದು ಅಡ್ಡಗೆರೆ ಹಾಕಿದೆ. ಆಮೇಲೆ ನಾನು ಒತ್ತಿದ ಅಕ್ಷರ ಒಂದೂ ಪರದೆಯಲ್ಲಿ ಕಾಣಲಿಲ್ಲ. ಯಂತ್ರ ಸತ್ತಿತೆಂದುಕೊಂಡೆ. ಫೋನು ಮಾಡಿದರೆ ಜಹಾಂಗೀರ ಹೇಳಿದ: "ಗಾಬರಿ ಆಗಬ್ಯಾಡ್ರಿ ಅಮ್ಮಾರ. ಅದಕ್ಕ ಕೇಳ್ತದ್ರಿ, ತಿರುಗಿ ಹೇಳಂಗಿಲ್ಲ ಅಷ್ಟೆ. ಕಾಣಲಿಲ್ಲಂತ ಬಿಡಬ್ಯಾಡ್ರಿ. stty sane ಅಂತ ಬರದು ಎಂಟರ್ ಒತ್ರಿ." ಕಾಣದ ಪರದೆಯ ಮೇಲೆ ಹಾಗೇ ಬರೆದೆ. ಮರಳಿ ಎಲ್ಲವೂ ಕಾಣಿಸಿತು. ಕೇಳುತ್ತದೆ, ತಿರುಗಿ ಹೇಳುವುದಿಲ್ಲ ಎಂಬ ಅವನ ಮಾತು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು. ನಮ್ಮ ಮನೆಯಲ್ಲಿ ಮೂರು ವರ್ಷ ಹಾಗಿದ್ದವಳು ನೀನು.

ಇನ್ನೊಂದು ಸಮಾಚಾರ. ಹೋದ ಸೋಮವಾರ ಬೆಳಿಗ್ಗೆ ಲಾರಿಗಳು ಸಾಲುಗಟ್ಟಿದ್ದಾಗ ನಾನು ಅದೇ ಕಿಟಕಿಗೆ ಬಂದು ಎಲ್ಲರನ್ನೂ ಕರೆದೆ. "ಹಿಂದಕ ನಾ ನಮ್ಮ ಸೊಸಿ ಬಗ್ಗೆ ಇಲ್ಲಿ ನಿಂತು ಅಂದದ್ದು ಸುಳ್ಳ. ಕೀಲಿ ಗೀಲಿ ಏನೂ ಇರ್ಲಿಲ್ಲ. ಮರೆವು ಯಂತ್ರದ್ದು, ತಿಳಿಗೇಡಿತನ ನಂದು" ಎಂದೆ. ಮಡಿವಾಳಯ್ಯ ತಲೆಯ ಟವೆಲು ತೆಗೆದು, "ನಮಗ ಅವತ್ತೇ ಗೊತ್ತಿತ್ರಿ ಅಮ್ಮಾರ. ನಿಮಗ ಹೇಳೋ ಗಂಡಸು ಈ ರಸ್ತೆದಾಗ ಯಾವನಿದ್ದ?" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಸಿಟ್ಟೂ ಬರಲಿಲ್ಲ.

ನಿನ್ನ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು. ಜೈತುನ್‌ಬೀ ಸಲಾಂ ಹೇಳಿದ್ದಾಳೆ. ಅವಳ ಚಹಾ ಈಗ ಕುಡಿಯುತ್ತೇನೆ, ಸಕ್ಕರೆ ಬಹಳ ಹಾಕುತ್ತಾಳೆ. ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಲಕ್ಷ್ಮೀಬಾಯಿ

ತಾ.ಕ.: ಬರೆಯಬೇಕಾದದ್ದು ಇದು, ಮೇಲೆ ಬರೆಯಲು ಆಗಲಿಲ್ಲ. ನಿನ್ನೆ ಸಂಜೆ ದೀಪ ಹಚ್ಚುವ ಮೊದಲು ಜಹಾಂಗೀರನನ್ನು ಕರೆಸಿ, ಯಂತ್ರ ಏಳುವಾಗ ತಾನೇ ಓದಿಕೊಳ್ಳುವ ಆ ಕಡತ ತೆರೆಸಿದೆ. ಅದರಲ್ಲಿ ಸುಮಧ್ವ ಬರೆದದ್ದಿತ್ತು. ಮೊದಲ ಸಾಲಿನಲ್ಲಿ ಅವನ ಹೆಸರು, 1998 ಎಂದು ಇಸವಿ. ಆ ಸಾಲನ್ನು ಯಂತ್ರ ಓದುವುದಿಲ್ಲವಂತೆ, ನೋಡುವ ಮನುಷ್ಯರಿಗೆಂದೇ ಬರೆದಿಡುವುದಂತೆ. ಬೆರಳಿಟ್ಟು ನೋಡಿದೆ. "ಎರಡು ಬಾಣ ಹಾಕ್ರಿ ಅಮ್ಮಾರ, ಖಬರ್‌ದಾರ್, ಒಂದೇ ಹಾಕಿದ್ರ ಹಿಂದಿಂದೆಲ್ಲ ಅಳಿಸಿ ಹೋಗ್ತದ. ಎರಡು ಹಾಕಿದ್ರ ಅದರ ಕೆಳಗ ಕೂಡ್ತದ" ಎಂದ ಜಹಾಂಗೀರ. ನಾನೇ ಒತ್ತಿದೆ, >> ಎಂದು ಎರಡು. ಸುಮಧ್ವ ಬರೆದದ್ದರ ಕೆಳಗೆ ನಿನ್ನ ಹೆಸರು, ಅದರ ಕೆಳಗೆ ನಿನ್ನ ಸಾಲು. ಇನ್ನು ಯಂತ್ರಕ್ಕೆ ಯಾರೂ ದಿನಾ ಹೇಳಿಕೊಡಬೇಕಾಗಿಲ್ಲ. 'ಕಾಟಾ ನಿಂತಿದೆ, ಬಾ' ಎಂದು ನಿನಗೆ ಬರೆಯುವ ನೆಪವೂ ನನ್ನ ಹತ್ತಿರ ಉಳಿದಿಲ್ಲ, ತಿಳಿದೇ ಕಳೆದುಕೊಂಡಿದ್ದೇನೆ. ಬರುವುದಾದರೆ ಯಂತ್ರಕ್ಕೆಂದು ಬರಬೇಡ. ಇವತ್ತು ಬೆಳಿಗ್ಗೆ ಸ್ವಿಚ್ಚು ಹಾಕಿ ಕುಳಿತೆ. ಮಡಿವಾಳಯ್ಯನ ಲಾರಿ ಹತ್ತಿತು, ಅಂಕಿ ತಾನೇ ಬಂತು, ಚೀಟಿ ತಾನೇ ಹೊರಗೆ ಬಂತು. ನನ್ನ ಬೆರಳಿಗೆ ಕೆಲಸವಿರಲಿಲ್ಲ. ಈ ಕಾಗದ ಬರೆದೆ.