ಹೊಲದ ಮೂಲೆಯ ಲೂಯಪ್ಪ

ಕಲ್ಲೋಳಿ,
ಫೆಬ್ರವರಿ ೧೧, ೧೯೫೮

ಹೆಲೆನಕ್ಕನಿಗೆ ನಿನ್ನ ಕೆಂಚವ್ವನ ಶರಣು.

ಸಂಕ್ರಾಂತಿಗೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಜೋಳದ ಸುಗ್ಗಿ ಇತ್ತು ಎಂದು ನೆಪ ಹೇಳಬಹುದು. ಖರೆ ಅಂದರೆ ಕೈ ಏಳಲಿಲ್ಲ. ನಿನ್ನ ಕನ್ನಡ ಅಕ್ಷರಗಳು ಇನ್ನೂ ಕೋಳಿ ಕೆದರಿದಂತೆಯೇ ಇವೆ. ಘಟಪ್ರಭೆಯ ದವಾಖಾನೆಯಲ್ಲಿ ಎದೆರೋಗ ಗುಣವಾದ ಮೇಲೆ, ಒಳ್ಳೆ ಗಾಳಿಗೆಂದು ಮಗ ಲೂಯಿಯನ್ನು ಕಟ್ಟಿಕೊಂಡು ನಮ್ಮ ತೋಟದ ಮನೆಯಲ್ಲಿ ಎರಡು ವರ್ಷ ಇದ್ದೆಯಲ್ಲ, ಆಗ ತಿದ್ದಿಸಿದವಳು ನಾನೇ. ಗುರುವಿನ ಮರ್ಯಾದೆಯನ್ನಾದರೂ ಉಳಿಸು ನನ್ನವ್ವಾ!

ನಿನ್ನ ಯಜಮಾನರು ಕೌಂಟ್ ಸಾಹೇಬರು ರೋಮಿನಲ್ಲಿ ಬೆಲ್ಜಿಯಂ ದೇಶದ ರಾಯಭಾರಿಯಾದದ್ದು ಓದಿ ಸಂತೋಷವಾಯಿತು. ಮುಂಬಯಿಯಲ್ಲಿ ಕಾನ್ಸಲ್ ಆಗಿದ್ದಾಗ ತಿಂಗಳಿಗೊಮ್ಮೆ ರೈಲಿಳಿದು ಬಂದು, ಬಿಳಿ ಕೈಗವಸು ತೆಗೆಯದೆ ನಮ್ಮ ರೊಟ್ಟಿ ಮುರಿಯುತ್ತಿದ್ದರು. ಈಗಲಾದರೂ ತೆಗೆಯುತ್ತಾರೋ?

ಅವರ ಮನೆತನದವರೆಲ್ಲ ಕೋಟೆಯ ನೆಲಮಾಳಿಗೆಯಲ್ಲಿ ಸಾಲಾಗಿ ಮಲಗುವ ಪದ್ಧತಿ, ಲೂಯಿಯ ಎಲುಬುಗಳನ್ನೂ ಅಲ್ಲಿಗೇ ಒಯ್ಯಬೇಕು, ಯುಗಾದಿ ಆದ ಮೇಲೆ ಮುಂಬಯಿಯಿಂದ ಆಳು ಬರುತ್ತಾನೆ ಎಂದು ಬರೆದಿದ್ದೀ. ಓದಿ ಹೇಳಿದಾಗ ಮಾವ ಪರಪ್ಪ ಊಟದ ತಾಟು ದೂಡಿದರು. ಲೂಯಿ ಆರು ವರ್ಷಕ್ಕೆ ಜ್ವರದಿಂದ ಹೋದಾಗ, ನಮ್ಮವರಂತೆ ಅವನನ್ನೂ ನಮ್ಮ ಹೊಲದಲ್ಲೇ ಮಣ್ಣು ಮಾಡೋಣ ಎಂದು ಜಾಗ ಕೊಟ್ಟವರು ಅವರೇ.

“ನಮ್ಮ ಹೊಲದಾಗ ಲೂಯಪ್ಪಗ ಏನ ಕಡಿಮಿ ಆಗೇತಿ ಕೇಳ ಆಕಿನ್ನ,” ಎಂದರು. ಆಮೇಲೆ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡು, “ಹಡದಾಕಿ ಕೇಳಿದ್ರ ಇಲ್ಲ ಅನ್ನಾಕ ನಾವ್ಯಾರ? ಒಯ್ಲಿ. ಆದ್ರ ಆಳ ಯಾಕ ಬೇಕು, ತಾನ ಬರ್ಲಿ,” ಎಂದರು.

ನನ್ನ ಮಾತೂ ಅದೇ. ಒಯ್ಯಬೇಡ ಎನ್ನಲು ನನಗೆ ಹಕ್ಕಿಲ್ಲ. ಮನಸ್ಸು ಮಾತ್ರ ಅವನನ್ನು ಇಲ್ಲೇ ಬಿಟ್ಟು ಹೋಗು ಎನ್ನುತ್ತದೆ. ಹಿರಿಯರ ಅಮಾವಾಸ್ಯೆಗೆ ನಮ್ಮವರಿಗೆ ಎಡೆ ಹಿಡಿದ ಮೇಲೆ ಅವನಿಗೂ ಹೋಳಿಗೆ ಇಡುತ್ತೇನೆ, ಬೆಲ್ಲ ಹೆಚ್ಚು ಹಾಕಿ. ನಿಮ್ಮ ಕೋಟೆಯಲ್ಲಿ ಯಾರು ಇಡುತ್ತಾರೆ?

ನಿನ್ನನ್ನು ನೋಡಿ ಏಳು ವರ್ಷವಾಯಿತು. ಘಟಪ್ರಭೆಗೆ ಹೋದಾಗ ಮುಂಬಯಿ ಕಡೆಯ ರೈಲು ಬಂದರೆ ನಿಂತುಬಿಡುತ್ತೇನೆ, ನೀನೇನಾದರೂ ಇಳಿಯುತ್ತೀಯೇನೋ ಎಂದು. ಹುಚ್ಚು, ಗೊತ್ತು. ಬೆಳ್ಳಿ ತಾಟಿನಲ್ಲಿ ಉಣ್ಣುವ ರಾಯಭಾರಿಯ ಹೆಂಡತಿ ನನಗೆ ಗೊತ್ತಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದು, ಅರ್ಧ ತಾನೇ ತಿಂದು ನಗುತ್ತಿದ್ದ ಹೆಲೆನಕ್ಕ ಗೊತ್ತು. ಅವಳು ಒಮ್ಮೆ ಬರಲಿ.

ಬಸವಣ್ಣ ನಿನ್ನನ್ನೂ ಸಾಹೇಬರನ್ನೂ ತಂಪಾಗಿಟ್ಟಿರಲಿ.

ನಿನ್ನ
ಕೆಂಚವ್ವ

ತಾ.ಕ.: ಲೂಯಿಯ ಜತೆ ಆಡುತ್ತಿದ್ದ ನನ್ನ ನೀಲವ್ವ ಈಗ ಎಷ್ಟು ಎತ್ತರ ಬೆಳೆದಿದ್ದಾಳೆ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀ. ನೀನು ಮುಂಬಯಿಗೆ ಹೋದ ವಾರದಲ್ಲೇ ಅವಳಿಗೂ ಅದೇ ಜ್ವರ ಬಂತು. ನಿನ್ನ ಮಗನಿಂದ ಹತ್ತಿತೆಂದು ನೀನು ಕೊರಗಬಾರದಲ್ಲ, ಅದಕ್ಕೇ ಬರೆಯಲಿಲ್ಲ. ಆಳನ್ನೇ ಕಳಿಸುವುದಾದರೆ, ಮೆಲ್ಲಗೆ ಅಗೆಯಲು ಹೇಳು ಅಕ್ಕಾ. ಅವನ ಬಾಜೂಕ್ಕೇ ಅವಳೂ ಮಲಗಿದ್ದಾಳೆ.