ರಸ್ತೆಗೆ ಕಿವಿಗೊಟ್ಟವರು

ಗುರುವಾರ, ಬೆಳಗಿನ ಜಾವ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಆ ಸದ್ದು ಮತ್ತೆ ಬಂತು. ಟಣ್. ಆಮೇಲೆ ನೂರು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಣ್. ನೀವು ಇಲ್ಲಿದ್ದಾಗ ದಿನಾ ಬೆಳಿಗ್ಗೆ ನಾನು ದೂರುತ್ತಿದ್ದೆನಲ್ಲ, ಅದೇ ಸದ್ದು. ನೀವು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವವರು. "ನಿಂಗೆ ಕಿವಿ ಜಾಸ್ತಿ ಕಣೇ" ಎಂದು ನಗುತ್ತಿದ್ದಿರಿ. ಮಗು ಏಳಲಿಲ್ಲ. ನಿಮ್ಮ ಮಗ ಏಳುವ ಮಾತೇ ಇಲ್ಲ, ಅವರ ಗೊರಕೆ ಆ ಕಬ್ಬಿಣದ ಸದ್ದಿಗೇ ಪೈಪೋಟಿ ಕೊಡುತ್ತಿದೆ.

ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಮುಗಿಸಿ, ಪುಟಪುಟವನ್ನೂ ಫೋಟೊ ತೆಗೆದು ನಿಮ್ಮ ಫೋನಿಗೆ ಕಳಿಸುತ್ತೇನೆ. ನೀವು ನಾಲ್ಕೂವರೆಗೆ ಎದ್ದು ಮೊದಲು ಕನ್ನಡಕ, ಆಮೇಲೆ ಫೋನು ಹುಡುಕುವುದು ನನಗೆ ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಧ್ವನಿ ಕೇಳಿದ ಕೂಡಲೇ ಮಗುವಿನ ತೂಕ, ಮಗುವಿನ ಕೆಮ್ಮು ಎಂದು ಎಲ್ಲೆಲ್ಲೋ ಸುತ್ತಿ, ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಮೂರು ದಿನದಿಂದ ಅದೇ ಆಗಿದೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು ನೀವು. ದಯವಿಟ್ಟು ಈ ಒಂದು ಸಲ ಅಕ್ಷರದ ತಪ್ಪು ನೋಡದೆ ಕೊನೆಯವರೆಗೂ ಓದಿ.

ಮೂರು ವಾರದ ಹಿಂದಿನ ಭಾನುವಾರ ಶಾಲೆಯ ಸಭಾಂಗಣದಲ್ಲಿ ನಡೆದ ವಾರ್ಡಿನ ಮಾತುಕತೆಗೆ ನಾವಿಬ್ಬರೂ ಹೋಗಿದ್ದೆವಲ್ಲ. ಬಾಗಿಲಲ್ಲಿ ದೊಡ್ಡ ಬಟ್ಟೆ ಕಟ್ಟಿದ್ದರು: "ನಗರ ಬೆಳೆಯುತ್ತಿದೆ, ನಿಮ್ಮ ಕಷ್ಟ ಹೇಳಿ." ನೀವು ಒಳಗೆ ಕಾಲಿಡುವ ಮುಂಚೆಯೇ "ಕಷ್ಟಕ್ಕೆ ಬಹುವಚನ ಬೇಕಿತ್ತು" ಎಂದಿರಿ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿರಿ. ಆದ್ದರಿಂದ ಮುಂದೆ ನಡೆದದ್ದೆಲ್ಲ ನಿಮಗೆ ಸರಿಯಾಗಿ ಕೇಳಿಸಿರಲಾರದು. ಒಬ್ಬರಿಗೆ ಮೂರೇ ನಿಮಿಷ. ಟೈಲರ್ ಅಕ್ಕ ಬಸ್ಸಿನ ಬಗ್ಗೆ ಹೇಳಿದರು: ಹೊಸ ಬಡಾವಣೆಗಳಿಂದಲೇ ತುಂಬಿಕೊಂಡು ಬರುವ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲುವುದೇ ಇಲ್ಲ, ಅಲ್ಲಿ ನಿಂತು ನಿಂತು ತನ್ನ ಮುಖ ಡ್ರೈವರಿಗೆ ಬಾಯಿಪಾಠ ಆಗಿದೆ, ಆದರೂ ನಿಲ್ಲಿಸುವುದಿಲ್ಲ ಎಂದರು. ಯಾವ ಸಭೆಗೂ ತಪ್ಪದ ನಮ್ಮ ಮೈಕು ಮಾಮ ಕಸ, ಕಟ್ಟಡ, ಕೆರೆ ಮೂರನ್ನೂ ಒಂದೇ ಉಸಿರಿನಲ್ಲಿ ಹಿಡಿದುಕೊಂಡರು. ಗಂಟೆ ಬಾರಿಸಿದರೂ ಬಿಡಲಿಲ್ಲ. ಕೊನೆಗೆ ಮೈಕಿನ ವೈರನ್ನೇ ಕಿತ್ತರು, ಅವರು ವೈರಿಲ್ಲದೆಯೂ ಮುಂದುವರಿಸಿದರು.

ನಾನು ಹೋದದ್ದು ಈ ಸದ್ದಿನ ಬಗ್ಗೆ ಹೇಳಲು. ಅದಕ್ಕೂ ಹಿಂದಿನ ವಾರ ಒಂದು ರಾತ್ರಿ ಪರದೆ ಸರಿಸಿ ನೋಡಿದ್ದೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೋಲು ಹಿಡಿದ ಒಬ್ಬ ಮನುಷ್ಯ ನಮ್ಮ ಗೇಟಿನ ಮುಂದೆ ಬಾಗಿ ನಿಂತಿದ್ದ. ಕೋಲಿನ ತುದಿಗೆ ಕಿವಿ ಒತ್ತಿ ಅಲ್ಲಾಡದೆ ನಿಂತಿದ್ದ. ನಮ್ಮ ಮನೆಯೊಳಗೆ ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ ಎಂದು ಆಲಿಸುತ್ತಿದ್ದಾನೆ ಎಂದುಕೊಂಡೆ. ಐದು ತಿಂಗಳಿಂದ ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡದವಳ ತಲೆಯಲ್ಲಿ ಇನ್ನೇನು ಹೊಳೆಯುತ್ತದೆ ಹೇಳಿ.

ಸಭೆಯಲ್ಲಿ ಇದನ್ನೇ ಹೇಳಿದೆ. ಅಲ್ಲಿನ ಪದ್ಧತಿ ವಿಚಿತ್ರವಾಗಿದೆ, ನನಗೆ ಅದರ ಬಗ್ಗೆ ಈಗಲೂ ಕುತೂಹಲ. ನಾವು ಮೂರು ನಿಮಿಷ ಏನೇ ಹೇಳಲಿ, ಗುಮಾಸ್ತರು ಅದನ್ನು ಒಂದೇ ವಾಕ್ಯಕ್ಕೆ ಇಳಿಸಿ ರಿಜಿಸ್ಟರಿನಲ್ಲಿ ಬರೆದು, ಗಟ್ಟಿಯಾಗಿ ಓದಿ, "ಇದೇ ತಾನೆ ನಿಮ್ಮ ಮಾತು?" ಎಂದು ಕೇಳುತ್ತಾರೆ. ನನ್ನ ವಾಕ್ಯ ಹೀಗಾಯಿತು: ರಾತ್ರಿ ಹೊತ್ತು ಅಪರಿಚಿತನೊಬ್ಬ ಮನೆಗಳಿಗೆ ಕಿವಿಗೊಡುತ್ತ ತಿರುಗುವುದರಿಂದ ನಮ್ಮ ರಸ್ತೆಯ ಎರಡು ತುದಿಗೂ ಗೇಟು ಹಾಕಿ ಹತ್ತರಿಂದ ಆರರವರೆಗೆ ಬೀಗ ಹಾಕಬೇಕು. ಒಬ್ಬರೇ ಹೇಳಿದ ಮಾತು "ಮುಂದೆ ನೋಡೋಣ" ಎಂಬ ಕಡತದ ಕಟ್ಟಿಗೆ ಹೋಗುತ್ತದಂತೆ. ಕಣ್ಣಾರೆ ಕಂಡ ಇನ್ನೊಬ್ಬರ ಸಾಕ್ಷಿ ಇದ್ದರೆ ಅದೇ ತಿಂಗಳು ಕೈಗೆತ್ತಿಕೊಳ್ಳುತ್ತಾರಂತೆ. ನನ್ನ ಮಾತಿನ ಕೆಳಗಿರುವ ಎರಡನೆಯ ಸಹಿ ನಿಮ್ಮದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೈಲರ್ ಅಕ್ಕನ ಬಸ್ಸು ಆ ಕಟ್ಟಿಗೆ ಹೋಯಿತು. ನನ್ನ ಗೇಟು ಪಾಸಾಯಿತು. ನೀವು ಊರಿಗೆ ಹೊರಟ ಮಾರನೆಯ ದಿನವೇ ಕಂಬ ನೆಟ್ಟರು. ಇವತ್ತು ರಾತ್ರಿಯಿಂದ ಬೀಗ. ನಿಮ್ಮ ಮಗ ಆಫೀಸಿನಲ್ಲೆಲ್ಲ "ನನ್ನ ಹೆಂಡ್ತಿ ಹಾಕ್ಸಿದ ಗೇಟು" ಎಂದು ಹೇಳಿಕೊಂಡು ಬಂದಿದ್ದಾರೆ.

ಈ ಸೋಮವಾರ ರಾತ್ರಿ ಮಗುವಿಗೆ ಹಾಲು ಕುಡಿಸಿ ಭುಜ ತಟ್ಟುತ್ತಿದ್ದಾಗ ಟಣ್ ಎಂದಿತು. ನಾನು ಹೆದರಲಿಲ್ಲ ಅತ್ತೆ, ಯಾಕೋ ಗೊತ್ತಿಲ್ಲ. ಗೇಟು ಬರುತ್ತಿದೆಯಲ್ಲ ಎಂಬ ಧೈರ್ಯವೋ ಏನೋ. ಇವನು ನಿಜವಾಗಿ ಏನು ಕೇಳಿಸಿಕೊಳ್ಳುತ್ತಾನೆ, ಕೊನೆಗೂ ನೋಡಿಯೇಬಿಡೋಣ ಅನ್ನಿಸಿತು. ಮಗುವನ್ನು ಎದೆಗೆ ಕಟ್ಟಿಕೊಂಡು ಮೆಟ್ಟಿಲಿಳಿದೆ. (ಬೈಯಬೇಡಿ. ಟೋಪಿ ಹಾಕಿದ್ದೆ.)

"ಯಾರ್ರೀ ಅದು? ನಮ್ಮನೆ ಮುಂದೆ ಏನ್ ಕೇಳಿಸ್ಕೊಳ್ತಿದೀರಾ?" ಎಂದೆ. ಗದರಿಸಬೇಕೆಂದು ಹೊರಟ ಧ್ವನಿ ಪಿಸುಮಾತಾಗಿ ಬಂತು.

"ನೀರು ಕಣಮ್ಮ."

"ಯಾವ ನೀರು?"

"ನಿಮ್ ಕೆಳಗಿನ ಬೀದಿಗೆ ಹೋಗ್ದೆ ಇರೋ ನೀರು."

ಐವತ್ತೈದು ದಾಟಿದ ಮನುಷ್ಯ. ಮಾಸಿದ ಸ್ವೆಟರಿನ ಒಳಗೆ ನೀರು ಸರಬರಾಜು ಇಲಾಖೆಯ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಸ್ವೆಟರು ಹಾಕಿದ್ದಕ್ಕೆ ಅವೆರಡೂ ನನಗೆ ಕಂಡಿರಲಿಲ್ಲ. ಕೋಲಿನ ಒಂದು ತುದಿಯನ್ನು ನೆಲದೊಳಗಿನ ಕೊಳವೆಗೋ ಅದರ ವಾಲ್ವಿಗೋ ತಾಗಿಸಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುತ್ತದಂತೆ. ಆ ಟಣ್ ಎಂಬುದು ರಸ್ತೆಯ ಕಬ್ಬಿಣದ ಮುಚ್ಚಳ ತೆರೆಯುವ ಸದ್ದು. ಇಲಾಖೆಯಲ್ಲಿ ಅವರನ್ನು ಡಾಕ್ಟ್ರು ಎನ್ನುತ್ತಾರಂತೆ. "ಸಂಬಳ ಮಾತ್ರ ಡಾಕ್ಟ್ರುದಲ್ಲ" ಎಂದರು.

ನೀವು ನನ್ನನ್ನು ಪ್ರಶ್ನೆಪತ್ರಿಕೆ ಎಂದು ಸುಮ್ಮನೆ ಕರೆಯುವುದಿಲ್ಲ. ಅರ್ಧ ಗಂಟೆ ಅವರನ್ನು ಬಿಡಲಿಲ್ಲ. ಹಗಲು ಯಾಕೆ ಬರಬಾರದು? "ಹಗಲು ಕಿವಿ ಇಟ್ರೆ ಬರೀ ಬಸ್ಸು ಕೇಳ್ಸುತ್ತೆ." ಸೋರುವ ನೀರಿಗೂ ಯಾರದೋ ಮನೆಯ ನಲ್ಲಿಯ ನೀರಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? "ನಲ್ಲಿ ನಿಲ್ಲುತ್ತೆ. ಸೋರೋದು ನಿಲ್ಲಲ್ಲ. ಅಷ್ಟೇ ವಿದ್ಯೆ." ನೀವೊಬ್ಬರೇ ಯಾಕೆ? ಅವರು ಕೆಲಸಕ್ಕೆ ಸೇರಿದಾಗ ಊರು ರೈಲು ಹಳಿಯ ಹತ್ತಿರ ಮುಗಿಯುತ್ತಿತ್ತಂತೆ, ಹೀಗೆ ಕೋಲಿಟ್ಟು ಕೇಳುವವರು ಒಂಬತ್ತು ಜನ ಇದ್ದರಂತೆ. ಈಗ ಊರು ಹಳಿ ದಾಟಿ, ಇಟ್ಟಿಗೆ ಗೂಡು ದಾಟಿ, ಎಲ್ಲಿ ಮುಗಿಯುತ್ತದೋ ಅವರಿಗೇ ಗೊತ್ತಿಲ್ಲ. ಕೇಳುವವರು ಮಾತ್ರ ಇಬ್ಬರು. ಅವರಲ್ಲೂ ಒಬ್ಬರಿಗೆ ಈಗ ಕಿವಿ ಮಂದ.

ಕೋಲನ್ನು ನನ್ನ ಕೈಗೂ ಕೊಟ್ಟರು. ಮೊದಲು ನನ್ನದೇ ಎದೆಬಡಿತ ಕೇಳಿಸಿತು, ಆಮೇಲೆ ಮಗುವಿನ ಉಸಿರು. "ಸ್ವಲ್ಪ ತಡೀರಿ" ಎಂದರು. ತಡೆದೆ. ಆಗ ಕೇಳಿಸಿತು ಅತ್ತೆ. ತುಂಬ ಆಳದಲ್ಲಿ ಯಾರೋ ನಿಲ್ಲಿಸದೆ ಸೀರೆ ಹರಿಯುತ್ತಿರುವ ಹಾಗೆ. ನಾವು ದಿನಾ ನಡೆಯುವ ರಸ್ತೆಯ ಕೆಳಗೆ! ಎಷ್ಟು ದಿನದಿಂದ? ನೀವು ಮಗುವನ್ನು ಬಿಸಿಲಿಗೆ ಹಿಡಿದು ನಿಲ್ಲುತ್ತಿದ್ದ ಜಾಗದಿಂದ ಎಷ್ಟು ದೂರ?

ಆಮೇಲೆ ಅವರು ಹೇಳಿದ್ದು ಕೇಳಿ ನನ್ನ ಕುತೂಹಲವೆಲ್ಲ ಇಳಿದುಹೋಯಿತು. ಸೋರುವ ಜಾಗ ಚರಂಡಿಯ ಗುಂಡಿಯ ಪಕ್ಕದಲ್ಲೇ ಇದೆ. ನೀರು ಬಿಟ್ಟಾಗ ಹೊರಕ್ಕೆ ಸೋರುತ್ತದೆ, ನಿಲ್ಲಿಸಿದಾಗ ಕೊಳವೆ ಚರಂಡಿಯ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ನಮ್ಮ ಮನೆಗೆ ಬರುವುದಿಲ್ಲ, ಇಳಿಜಾರಿನಲ್ಲಿ ಕೆಳಗಿನ ಬೀದಿಗೆ ಹೋಗುತ್ತದೆ. ಕೆಳಗಿನ ಬೀದಿ ಎಂದರೆ ಮಗುವಿಗೆ ಚುಚ್ಚುಮದ್ದು ಹಾಕುವ ನರ್ಸಕ್ಕ ಇರುವ ಬೀದಿ. ಹೋದ ವಾರ ಆಕೆ ಕಣ್ಣು ಕೆಂಪಗೆ ಮಾಡಿಕೊಂಡೇ ಸೂಜಿ ಚುಚ್ಚಿದ್ದಳು. ಅವರ ಬೀದಿಯಲ್ಲಿ ಆರು ಮಕ್ಕಳಿಗೆ ವಾಂತಿಭೇದಿಯಂತೆ. ಆಕೆಯ ಮೂರು ವರ್ಷದ ಮಗಳಿಗೆ ಎರಡು ದಿನ ಗ್ಲೂಕೋಸ್ ಹಾಕಿಸಬೇಕಾಯಿತಂತೆ. "ನೀರು ಕುದಿಸೇ ಕೊಡ್ತೀನಿ, ಇನ್ನೇನ್ ಮಾಡ್ಬೇಕೋ ಗೊತ್ತಾಗ್ತಿಲ್ಲ" ಎಂದಿದ್ದಳು.

ಡಾಕ್ಟ್ರಿಗೆ ಇನ್ನು ನಾಲ್ಕೈದು ರಾತ್ರಿ ಸಿಕ್ಕರೆ ಸಾಕು. ಮೂರನೆಯ ಮುಚ್ಚಳಕ್ಕೂ ಟೈಲರ್ ಅಕ್ಕನ ಅಂಗಡಿಗೂ ನಡುವೆ ಎಂದು ಗೊತ್ತಾಗಿದೆಯಂತೆ. ಇಡೀ ರಸ್ತೆ ಅಗೆಯಲು ಯಾರೂ ಒಪ್ಪುವುದಿಲ್ಲ. ಎರಡಡಿಯೊಳಗೆ ಜಾಗ ತೋರಿಸಿದರೆ ಮಾರನೆಯ ದಿನವೇ ಅಗೆಯುತ್ತಾರೆ. "ಆದ್ರೆ ಗುರುವಾರದಿಂದ ಇಲ್ಲಿ ಬೀಗ. ಗೇಟ್ ಬಿದ್ದಿರೋ ರಸ್ತೆ ನಮ್ ಪಟ್ಟಿಯಿಂದ ಬಿಟ್ಟೋಗುತ್ತೆ. ಬೀಗ ತೆಗ್ಸೋಕೆ ಅರ್ಜಿ ಹಾಕ್ಬೇಕು, ಅದು ಹಗಲು ಕೆಲ್ಸಕ್ಕೆ ಮಾತ್ರ" ಎಂದರು. ಕೋಲಿನ ತುದಿಯ ಮಣ್ಣು ಒರೆಸುತ್ತ, "ಯಾರೋ ನನ್ನ ಕಳ್ಳ ಅಂತ ಬರ್ಸವ್ರಂತೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ರ ಬಾಗಿಲು ಮುಟ್ಟಿದೋನಲ್ಲ ನಾನು" ಎಂದರು. ನಾನು ಮಗುವಿನ ಟೋಪಿ ಸರಿಮಾಡುತ್ತ ನಿಂತೆ. ಹೌದಾ ಎಂದೆ. ಅಷ್ಟೇ ಎಂದೆ.

ನಿನ್ನೆ ಗುಮಾಸ್ತರ ಹತ್ತಿರ ಹೋಗಿದ್ದೆ. ಸೋರಿಕೆಯ ವಿಷಯ ಹೇಳಿದೆ, ನರ್ಸಕ್ಕನ ಮಗುವಿನ ವಿಷಯ ಹೇಳಿದೆ. ಕೆಟ್ಟ ಮನುಷ್ಯರಲ್ಲ, ಕುರ್ಚಿ ಎಳೆದು ಕೊಟ್ಟು ಕೇಳಿದರು. ರಿಜಿಸ್ಟರು ತೆರೆದು ನನ್ನ ವಾಕ್ಯದ ಮೇಲೆ ಒಂದು ಗೆರೆ ಎಳೆದು ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. "ನಿಮ್ ಮಾತು ನೀವ್ ವಾಪಸ್ ತಗೊಂಡ್ರಿ. ಸಾಕ್ಷಿ ಮಾತು ಸಾಕ್ಷಿನೇ ತಗೋಬೇಕು. ಇದು ಇರೋತನಕ ಗೇಟ್ ಇರುತ್ತೆ." ಇವತ್ತು ಹತ್ತು ಗಂಟೆಗೆ ಅವರು ಆ ರಿಜಿಸ್ಟರನ್ನು ದೊಡ್ಡ ಆಫೀಸಿಗೆ ಒಯ್ಯುತ್ತಾರೆ. ಅಲ್ಲಿ ಮೊಹರು ಬಿದ್ದರೆ ಒಂದು ವರ್ಷ ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

ದೂರದ ಊರಿನವರಾದರೆ ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರಂತೆ. ನಾನು ಎಂಟು ಗಂಟೆಗೇ ಅವರ ಎದುರು ಕುಳಿತು ನಿಮಗೆ ಫೋನ್ ಹಚ್ಚಿಕೊಡುತ್ತೇನೆ. ನೀವು ಹೇಳಬೇಕಾದ್ದು ಒಂದೇ ಮಾತು: ನಾನು ಆ ಮನುಷ್ಯನನ್ನು ನೋಡಿಲ್ಲ.

ಈಗ ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಡಾಕ್ಟ್ರು ಇನ್ನೂ ಕೆಳಗಿದ್ದಾರೆ. ಟೈಲರ್ ಅಕ್ಕನ ಅಂಗಡಿಯ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ಮೂರನೆಯ ಮುಚ್ಚಳ ತೆರೆದದ್ದು ಈಗಷ್ಟೇ ಕೇಳಿಸಿತು.

ಮಾವನವರಿಗೆ ನಮಸ್ಕಾರ ತಿಳಿಸಿ. ಈ ಕಾಗದವನ್ನು ಮಾತ್ರ ಅವರಿಗೆ ತೋರಿಸಬೇಡಿ.

ನಿಮ್ಮ ನಿದ್ದೆಗೆಟ್ಟ ಸೊಸೆ,
ಪ್ರಶ್ನೆಪತ್ರಿಕೆ

ಮರೆತದ್ದು: ಮರೆತದ್ದು ಎಂದು ಬರೆದೆ, ಅದೂ ಸುಳ್ಳು. ಮೇಲಿನ ಪುಟಗಳಲ್ಲೆಲ್ಲ ಇದನ್ನು ಬರೆಯಲು ಜಾಗವಿತ್ತು, ನನಗೆ ಕೈ ಬರಲಿಲ್ಲ. ಸಭೆಯ ದಿನ ನಾನು ರಿಜಿಸ್ಟರನ್ನು ಹಿಂದಿನ ಸಾಲಿಗೆ ತಂದು "ಹಾಜರಿಗೆ ಒಂದು ಸಹಿ ಹಾಕಿ ಅತ್ತೆ" ಎಂದಿದ್ದೆ. ಅದು ಹಾಜರಿ ಪುಸ್ತಕವಲ್ಲ. ನಿಮ್ಮ ಕನ್ನಡಕ ನನ್ನ ಚೀಲದಲ್ಲಿತ್ತು, ಕೇಳಿದಿರಿ, ಮನೆಯಲ್ಲಿ ಬಿಟ್ಟು ಬಂದಿರಬೇಕು ಎಂದೆ. ಓದದೆ ಎಲ್ಲಿಯೂ ಸಹಿ ಹಾಕದ ನೀವು, ಮಗು ಅಳುತ್ತಿತ್ತೆಂದು, ಸೊಸೆ ಕೇಳಿದಳೆಂದು ಹಾಕಿದಿರಿ. ಸಹಿಯ ಮೇಲಿನ ಸಾಲನ್ನು ಬರೆದವಳು ನಾನು. "ನಾನೂ ಕಣ್ಣಾರೆ ಕಂಡಿದ್ದೇನೆ. ಅವನು ನಮ್ಮ ಬಾಗಿಲಿನ ಚಿಲಕ ಎಳೆದು ನೋಡಿದ." ಯಾರೂ ಚಿಲಕ ಎಳೆಯಲಿಲ್ಲ ಅತ್ತೆ. ಆ ಒಂದು ಸಾಲಿನಿಂದಲೇ ಗೇಟು ಪಾಸಾಯಿತು. ಡಾಕ್ಟ್ರನ್ನು ಕಳ್ಳ ಎಂದದ್ದೂ ಅದೇ ಸಾಲು, ಅದರ ಕೆಳಗೆ ನಿಮ್ಮ ಹೆಸರಿದೆ.

ಗುಮಾಸ್ತರಿಗೆ ನೀವು ನಿಜ ಹೇಳಿದರೆ ಆ ಸಾಲು ಯಾರು ಬರೆದದ್ದು ಎಂದು ಕೇಳುತ್ತಾರೆ. ನನ್ನ ಹೆಸರು ಹೇಳಿ. ನಾನು ಎದುರಿಗೇ ಕುಳಿತಿರುತ್ತೇನೆ. ಆದರೆ ಅದಕ್ಕಿಂತ ಮುಂಚೆ, ನಿಮ್ಮ ಮಗ ಆರಕ್ಕೆ ಏಳುವುದರೊಳಗೆ, ನನಗೊಂದು ಫೋನ್ ಮಾಡಿ. ಇನ್ನು ಮೇಲೆ ನನ್ನ ಮನೆಗೆ ಬರುವುದಿಲ್ಲ ಎನ್ನುವುದಿದ್ದರೂ ಫೋನ್ ಮಾಡಿಯೇ ಹೇಳಿ. ಮಾತಾಡಲು ಮನಸ್ಸಿಲ್ಲದಿದ್ದರೆ ಮಾಡಿ ಸುಮ್ಮನಿರಿ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಬೆಳಕು ಹರಿಯುವ ಮುಂಚೆ, ಅತ್ತೆ, ನಿಮ್ಮ ದಮ್ಮಯ್ಯ, ಫೋನ್ ಮಾಡಿ.